ಪ್ರಾತಿನಿಧ್ಯದ ದಾಯವಿಭಾಗ

ಹಡಗಲಿ ತಾಲ್ಲೂಕಿನ ಹಿರೇಹಡಗಲಿಯ ಹೆಸರು ಶಾಸನಪರಿಶೋಧಕರಿಗೆ ಚಿರಪರಿಚಿತವಾದುದು. ಪಲ್ಲವರಾಜನಾದ ಶಿವಸ್ಕಂದವರ್ಮನು ಕಾಂಚೀಪುರದಿಂದ ಹೊರಡಿಸಿದ, ಪ್ರಾಕೃತಭಾಷೆಯ ತಾಮ್ರಪಟಗಳು ದೊರೆತುದು ಈ ಊರಿನಲ್ಲಿಯೇ. ಕ್ರಿ. ಶ. ನಾಲ್ಕನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಆ ಶಾಸನದಲ್ಲಿ ತೋಟವೊಂದನ್ನು ಬ್ರಾಹ್ಮಣರಿಗೆ ದಾನವಿತ್ತ ವಿವರವುಂಟು. ಅದರಲ್ಲಿ ವಿಶೇಷವಾಗಿ ಗಮನಿಸತಕ್ಕುದು ಪಾಲುಗಳ ಪಟ್ಟಿ. ಇಂಥ ಗೋತ್ರದ ಇಂಥವನಿಗೆ ಎರಡು ಪಾಲು, ಇಂಥವನಿಗೆ ಒಂದು ಪಾಲು ಎಂದು ಹೆಸರು ಹಿಡಿದು ಬರೆಯಲ್ಪಟ್ಟಿದೆ. ಅದೇ ಶಾಸನದಲ್ಲಿ ಅರೆಪಾಲಿಗೆ ದುಡಿಯುವ ಒಕ್ಕಲುಗಳೂ ಕೋಲಿಕರೆಂಬ ಆಳುಗಳೂ ಉಲ್ಲೇಖಿತರಾಗಿರುವರು. ಆದರೆ ಅವರು ಪಾಲುದಾರರ ಸಾಲಿನಲ್ಲಿಲ್ಲ, ತೋಟದ ಸಂಗಡ ಕೊಡಲ್ಪಟ್ಟ ಸ್ವತ್ತಿನ ಸಾಲಿನಲ್ಲಿರುವರು. ಅವರನ್ನು ಎಣಿಸಿದ್ದಾರೆ, ಅವರಿಗೆ ಪಾಲಿಲ್ಲ.

ಎಣಿಕೆ ಒಂದು, ಪಾಲು ಇನ್ನೊಂದು ಎಂಬ ಈ ಭೇದವು ಹದಿನಾರು ಶತಮಾನಗಳ ಹಿಂದಿನ ಮಾತಾಗಿ ಮುಗಿದುಹೋಗಲಿಲ್ಲ. ರಾಜ್ಯದ ವಿಧಾನಸಭೆಯಲ್ಲಿ ಯಾವ ಸೀಮೆಗೆ ಎಷ್ಟು ಸ್ಥಾನ, ಯಾವ ಊರು ಯಾವ ಕ್ಷೇತ್ರಕ್ಕೆ ಎಂಬುದನ್ನು ಜನಗಣತಿಯ ಮೇಲೆ ಮತ್ತೆ ಮತ್ತೆ ನಿರ್ಣಯಿಸುವ ಕಾರ್ಯಕ್ಕೆ ಕ್ಷೇತ್ರಪುನರ್ವಿಂಗಡಣೆಯೆಂದು ಹೆಸರು. ಇದನ್ನು ಅಧಿಕಾರಿಗಳ ಲೆಕ್ಕಪತ್ರದ ವ್ಯವಹಾರವೆಂದು ಬಹುಮಂದಿ ತಿಳಿದಿರುವರು. ಅದು ಹಾಗಲ್ಲ. ಒಟ್ಟು ಕುಟುಂಬದ ಸ್ವತ್ತಿನಲ್ಲಿ ಯಾರಿಗೆ ಯಾವ ಆಧಾರದಿಂದ ಎಷ್ಟು ಪಾಲು ಎಂಬ ಪ್ರಶ್ನೆಯು ಎಷ್ಟು ಧರ್ಮಸೂಕ್ಷ್ಮವಾದುದೋ ಇದೂ ಅಷ್ಟೇ ಸೂಕ್ಷ್ಮವಾದುದು.

ಮೊದಲು ಸಂಗತಿಗಳನ್ನು ತಿಳಿಯುವುದು ಉಚಿತ. ಸಂವಿಧಾನದ 170ನೆಯ ಅನುಚ್ಛೇದದ ಪ್ರಕಾರ ಒಂದು ರಾಜ್ಯದೊಳಗಿನ ಕ್ಷೇತ್ರಗಳೆಲ್ಲ, ಸಾಧ್ಯವಾದಮಟ್ಟಿಗೆ, ಒಂದೇ ಪ್ರಮಾಣದ ಜನಸಂಖ್ಯೆಯುಳ್ಳವಾಗಿರಬೇಕು. ಪ್ರತಿಯೊಂದು ಜನಗಣತಿಯಾದ ಮೇಲೆ ಅವುಗಳನ್ನು ಸರಿಪಡಿಸಬೇಕು. 1952, 1963, 1973 ಮತ್ತು 2002ರಲ್ಲಿ ಇದಕ್ಕಾಗಿ ಆಯೋಗಗಳು ನೇಮಿಸಲ್ಪಟ್ಟವು. ಆದರೆ 1976ರಲ್ಲಿ 42ನೆಯ ತಿದ್ದುಪಡಿಯು ಈ ಕ್ರಮವನ್ನು ತಡೆದು, 1971ರ ಗಣತಿಯ ಅಂಕಿಗಳೇ 2000ದ ಅನಂತರದ ಮೊದಲ ಗಣತಿಯವರೆಗೆ ಪ್ರಮಾಣವೆಂದು ವಿಧಿಸಿತು. ಆ ಅವಧಿ ತೀರುವ ಹೊತ್ತಿಗೆ 84ನೆಯ ತಿದ್ದುಪಡಿಯು ಅದನ್ನು 2026ರ ಅನಂತರದ ಮೊದಲ ಗಣತಿಯವರೆಗೆ ಮುಂದಕ್ಕೆ ತಳ್ಳಿತು. ರಾಜ್ಯದ ಒಟ್ಟು ಸ್ಥಾನಗಳನ್ನು ಮುಟ್ಟದೆ, ಒಳಗಿನ ಗೆರೆಗಳನ್ನು ಮಾತ್ರ 2001ರ ಗಣತಿಯಂತೆ ತಿದ್ದಬಹುದೆಂದು 2003ರ 87ನೆಯ ತಿದ್ದುಪಡಿಯು ಅನುಮತಿಯಿತ್ತಿತು. ನ್ಯಾಯಮೂರ್ತಿ ಕುಲದೀಪ ಸಿಂಗರ ಅಧ್ಯಕ್ಷತೆಯ ಆಯೋಗವು ಆ ಕೆಲಸವನ್ನು ಮುಗಿಸಿ, 2008ರ ಮೇ ತಿಂಗಳಿನ ಕರ್ನಾಟಕ ವಿಧಾನಸಭೆಯ ಚುನಾವಣೆಯು ಹೊಸ ಗೆರೆಗಳ ಮೇಲೆ ನಡೆಯಿತು.

ಆಗ ಈ ಸೀಮೆಯ ನಕ್ಷೆ ಗುರುತು ಸಿಕ್ಕದಂತೆ ಬದಲಾಯಿತು. ಕೊಟ್ಟೂರು ಎಂಬ ಕ್ಷೇತ್ರವೇ ಇಲ್ಲವಾಯಿತು. ಕುರುಗೋಡೂ ಹಾಗೆಯೇ ಹೋಯಿತು. ಹಗರಿಬೊಮ್ಮನಹಳ್ಳಿಯೆಂಬ ಹೊಸ ಕ್ಷೇತ್ರ ಹುಟ್ಟಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಹಡಗಲಿಯೂ ಪರಿಶಿಷ್ಟ ಜಾತಿಗೆ, ಕೂಡ್ಲಿಗಿಯು ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಅಂದಿನ ಬಳ್ಳಾರಿ ಜಿಲ್ಲೆಯ 9 ಕ್ಷೇತ್ರಗಳಲ್ಲಿ 7 ಮೀಸಲು ಕ್ಷೇತ್ರಗಳಾದವು. ಹಡಗಲಿಯಿಂದ ಹಲವು ಸಲ ಆರಿಸಿಬಂದು ಉಪಮುಖ್ಯಮಂತ್ರಿಯ ಪದವಿಯವರೆಗೆ ಏರಿದ್ದ ಎಂ. ಪಿ. ಪ್ರಕಾಶರು ಆ ವರ್ಷ ತಮ್ಮ ಊರಿನ ಕ್ಷೇತ್ರದಿಂದ ನಿಲ್ಲುವಂತಿರಲಿಲ್ಲ. ನೆರೆಯ ಹರಪನಹಳ್ಳಿಯಿಂದ ಸ್ಪರ್ಧಿಸಿ ಸೋತರು. ಕೊಟ್ಟೂರಿನವರ ದುಃಖವಂತೂ ಇನ್ನೊಂದು ಬಗೆಯದು. ಕೊಟ್ಟೂರೇಶ್ವರನ ತೇರು ಎಳೆಯಲು ನಾಡೆಲ್ಲ ನೆರೆಯುವ ಊರಿನ ಹೆಸರು ವಿಧಾನಸಭೆಯ ಪಟ್ಟಿಯಲ್ಲಿಲ್ಲವೆಂದರೆ ಊರಿನ ಮಾನವೇ ಹೋದಂತೆ ಅವರಿಗೆ ಅನ್ನಿಸಿತು. ಹತ್ತು ವರ್ಷಗಳ ತರುವಾಯ ಅದೇ ಊರು ತಾಲ್ಲೂಕಿನ ಕೇಂದ್ರವಾಯಿತಾದರೂ ಕಳೆದ ಹೆಸರು ಮರಳಿ ಬರಲಿಲ್ಲ.

ಇಲ್ಲಿಂದ ವಿಚಾರ ಆರಂಭವಾಗತಕ್ಕದ್ದು. ಕೊಟ್ಟೂರಿಗೆ ಅನ್ಯಾಯವಾಯಿತೆ? ಪ್ರತಿನಿಧಿಯು ಪ್ರತಿನಿಧಿಸುವುದು ಊರನ್ನೋ, ಊರಿನಲ್ಲಿರುವವರನ್ನೋ?

ಈ ಸಂಶಯಕ್ಕೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾದುದಿಲ್ಲ. ತುಂಗಭದ್ರಾ ಜಲಾಶಯವು 1953ರಲ್ಲಿ ತುಂಬತೊಡಗಿದಾಗ ಹೊಳೆಯ ದಡದ ಅನೇಕ ಹಳ್ಳಿಗಳು ನೀರಿನೊಳಗೆ ಸೇರಿದವು. ಗುಡಿ, ಚಾವಡಿ, ಹೊಲ, ಮನೆ ಎಲ್ಲವೂ ಅಲ್ಲಿಯೇ ಉಳಿದವು. ಮಂದಿ ಮಾತ್ರ ಹೊರಗೆ ಬಂದರು. ಬಂದವರು ಎಲ್ಲಿ ನೆಲಸಿದರೋ ಅಲ್ಲಿ ಮತವಿತ್ತರು. ಮುಳುಗಿದ ನೆಲಕ್ಕೆ ಪ್ರತಿನಿಧಿ ಬೇಕೆಂದು ಯಾರೂ ಕೇಳಲಿಲ್ಲ. ನೆಲವೇ ಪ್ರಾತಿನಿಧ್ಯದ ಆಧಾರವಾಗಿದ್ದರೆ ಆ ನೀರಿಗೂ ಒಬ್ಬ ಶಾಸಕನನ್ನು ಕೊಡಬೇಕಾಗಿತ್ತಷ್ಟೆ! ನಗು ಬರುವ ಮಾತಿದು; ಆದರೆ ಇಂಗ್ಲೆಂಡಿನಲ್ಲಿ ಇಂಥದೇ ವ್ಯವಸ್ಥೆ ಶತಮಾನಗಳ ಕಾಲ ಗಂಭೀರವಾಗಿ ನಡೆಯಿತು. ಓಲ್ಡ್ ಸ್ಯಾರಮ್ ಎಂಬ ನಿರ್ಜನವಾದ ದಿಣ್ಣೆಯಿಂದ ಇಬ್ಬರು ಸದಸ್ಯರು ಪಾರ್ಲಿಮೆಂಟಿಗೆ ಬರುತ್ತಿದ್ದರು. ಮಿಲ್ಲುಗಳಿಂದ ತುಂಬಿ ತುಳುಕುತ್ತಿದ್ದ ಮ್ಯಾಂಚೆಸ್ಟರಿಗೆ ಒಬ್ಬನೂ ಇರಲಿಲ್ಲ. 1832ರ ಸುಧಾರಣೆಯ ಕಾನೂನು ಬರುವವರೆಗೆ ಇದು ಹೀಗೆಯೇ ಇತ್ತು. ಅಮೆರಿಕದ ಅಲಬಾಮ ಸಂಸ್ಥಾನದಲ್ಲಿ 1901ರಿಂದ ಅರುವತ್ತು ವರ್ಷ ಯಾರೂ ಗೆರೆ ತಿದ್ದಲಿಲ್ಲ. ಕಡೆಗೆ 13,462 ಜನರಿದ್ದ ಬುಲಕ್ ಎಂಬ ಪ್ರಾಂತಕ್ಕೆ 2 ಸ್ಥಾನ, 3,14,301 ಜನರಿದ್ದ ಮೊಬೀಲ್ ಪ್ರಾಂತಕ್ಕೆ 3 ಸ್ಥಾನ ಎಂಬಷ್ಟು ವಿಕಾರವಾಯಿತು. 1964ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಾಲಯವು ಶಾಸಕರು ಮರಗಳ ಅಥವಾ ಎಕರೆಗಳ ಪ್ರತಿನಿಧಿಗಳಲ್ಲವೆಂಬ ಅಭಿಪ್ರಾಯವನ್ನು ಕೊಟ್ಟು ಅದನ್ನು ರದ್ದುಮಾಡಿತು.

ಈ ದೇಶದಲ್ಲಿಯೂ ನೆಲಕ್ಕೆ ಪ್ರಾತಿನಿಧ್ಯವಿದ್ದ ಕಾಲವೊಂದಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲುರವರು ಏರ್ಪಡಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ 144 ಮಂದಿ ಸದಸ್ಯರಿದ್ದರು. ಜಮೀನುದಾರರೂ ವರ್ತಕರೂ ಅದರಲ್ಲಿ ಪ್ರಧಾನರು. ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆ. ಬಳ್ಳಾರಿ ಸೀಮೆಯು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಅಲ್ಲಿಯೂ ಕಂದಾಯ ಕಟ್ಟುವವನಿಗೆ ಮೊದಲ ಮಾತು. ವಯಸ್ಕರೆಲ್ಲರಿಗೂ ಮತವೆಂಬುದು ಬಂದ ಮೇಲೆ, 1952ರಲ್ಲಿ, ಹಡಗಲಿ ಹರಪನಹಳ್ಳಿಗಳ ಮಂದಿ ಮದರಾಸಿನ ವಿಧಾನಸಭೆಗೆ ಮತ ಹಾಕಿ, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದರು. ಸಭೆ ಬದಲಾಯಿತು, ರಾಜಧಾನಿ ಬದಲಾಯಿತು. ಮತವೆಂಬುದು ಅವರ ಕೈಯಲ್ಲಿಯೇ ಇದ್ದಿತು. ಕಾರಣವೇನೆಂದರೆ ಅದು ಸೀಮೆಗೆ ಅಂಟಿದ ಗುಣವಲ್ಲ, ಪುರುಷನಿಗೂ ಸ್ತ್ರೀಗೂ ಅಂಟಿದ ಗುಣ.

ಇಷ್ಟು ಒಪ್ಪಿದ ಮೇಲೆ, ಆ ಪಾಲು ಸ್ಥಿರವೋ ಅಸ್ಥಿರವೋ ಎಂಬ ಪ್ರಶ್ನೆ ಏಳುವುದು. ಇದಕ್ಕೆ ಕನ್ನಡನಾಡಿನ ಧರ್ಮಶಾಸ್ತ್ರಕಾರನೇ ದಾರಿ ತೋರಿರುವನು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನ ಮತದಂತೆ ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಜನ್ಮದಿಂದಲೇ ಬರುವುದು. ತಂದೆ ಸಾಯುವವರೆಗೆ ಕಾಯಬೇಕಾದುದಿಲ್ಲ, ಯಾರೂ ಕೊಡಬೇಕಾದುದೂ ಇಲ್ಲ. ಇದರಿಂದ ಒಂದು ವಿಶೇಷ ಫಲ ಹೊರಡುತ್ತದೆ. ಅವಿಭಕ್ತ ಕುಟುಂಬದಲ್ಲಿ ಯಾರ ಪಾಲು ಎಷ್ಟೆಂದು ವಿಭಾಗವಾಗುವವರೆಗೆ ಹೇಳಲು ಬಾರದು. ಒಂದು ಕೂಸು ಹುಟ್ಟಿದರೆ ಮಿಕ್ಕವರ ಪಾಲು ಅಷ್ಟು ಕುಗ್ಗುವುದು. ಒಬ್ಬನು ತೀರಿಕೊಂಡರೆ ಅಷ್ಟು ಹಿಗ್ಗುವುದು. ಕುಗ್ಗಿದವನು ತನಗೆ ಮೋಸವಾಯಿತೆಂದು ಅನ್ನುವಂತಿಲ್ಲ, ಏಕೆಂದರೆ ಅವನ ಕೈಯಲ್ಲಿದ್ದುದು ಇಷ್ಟೆಂಬ ಅಳತೆಯಲ್ಲ; ಇದ್ದವರೊಡನೆ ಸಮನಾಗಿರುವ ಹಕ್ಕು.

ಪ್ರಾತಿನಿಧ್ಯಕ್ಕೆ ಇದಕ್ಕಿಂತ ಒಪ್ಪುವ ಉಪಮಾನ ಸಿಕ್ಕುವುದು ಕಷ್ಟ. ಕರ್ನಾಟಕದ ವಿಧಾನಸಭೆಗೆ 1978ರಿಂದ 224 ಸ್ಥಾನಗಳು. 1971ರ ಗಣತಿಯಲ್ಲಿ ರಾಜ್ಯದ ಜನಸಂಖ್ಯೆ 2 ಕೋಟಿ 93 ಲಕ್ಷ. ಒಬ್ಬ ಶಾಸಕನಿಗೆ ಸರಾಸರಿ 1 ಲಕ್ಷ 31 ಸಾವಿರ ಮಂದಿ. 2011ರಲ್ಲಿ 6 ಕೋಟಿ 11 ಲಕ್ಷ. ಸರಾಸರಿ 2 ಲಕ್ಷ 73 ಸಾವಿರ. ಮನೆ ಅಷ್ಟೇ, ಮಕ್ಕಳು ಇಮ್ಮಡಿಗಿಂತ ಹೆಚ್ಚು. ಎಲ್ಲೆಡೆಯೂ ಸಮನಾಗಿ ಬೆಳೆದಿದ್ದರೆ ಚಿಂತೆಯಿರಲಿಲ್ಲ. ಬೆಳೆದದ್ದು ಸಮನಾಗಿ ಅಲ್ಲ. ಬೆಂಗಳೂರು ನಗರ ಜಿಲ್ಲೆಗೆ 2008ರ ವಿಂಗಡಣೆಯಲ್ಲಿ 28 ಸ್ಥಾನಗಳು ಬಂದವು. 2001ರ ಗಣತಿಯ ಪ್ರಕಾರ ಆ ಜಿಲ್ಲೆಯ 65 ಲಕ್ಷ 37 ಸಾವಿರ ಜನರಿಗೆ ಅದು ಸರಿಯಾದ ಪಾಲೇ. ಆದರೆ ಹತ್ತೇ ವರ್ಷಗಳಲ್ಲಿ, 2011ರ ಗಣತಿಯ ಹೊತ್ತಿಗೆ, ಅಲ್ಲಿನ ಜನಸಂಖ್ಯೆ 96 ಲಕ್ಷವನ್ನು ದಾಟಿ, ತಲೆಲೆಕ್ಕದ ಪಾಲು 35 ಸ್ಥಾನಗಳಾಯಿತು. ಒಟ್ಟು 224 ಆಗಿಯೇ ಉಳಿಯುವುದಾದರೆ ಆ ಏಳು ಸ್ಥಾನಗಳು ಮತ್ತೆಲ್ಲಿಂದಲೋ ಹೊರಡಬೇಕು.

ಎಲ್ಲಿಂದ? ಈ ಸೀಮೆಯ ಕಟ್ಟೆಗಳಲ್ಲಿ, ಬಳ್ಳಾರಿ ಪ್ರಾಂತದಿಂದಲೇ ಕೀಳುವರೆಂಬ ಮಾತು ಕೇಳಿಬರುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಅವಿಭಜಿತ ಬಳ್ಳಾರಿ ಜಿಲ್ಲೆಯ 2011ರ ಜನಸಂಖ್ಯೆ 24 ಲಕ್ಷ 52 ಸಾವಿರ; ಭಾಗಿಸಿದರೆ ಹೆಚ್ಚು ಕಡಿಮೆ ನೆಟ್ಟಗೆ 9 ಸ್ಥಾನ ಬರುತ್ತದೆ, ಇದ್ದದ್ದೂ ಅಷ್ಟೇ. ಕಳೆದುಕೊಳ್ಳುವವರು ಮಲೆನಾಡಿನವರು. ಚಿಕ್ಕಮಗಳೂರು ಜಿಲ್ಲೆಯಲ್ಲಿ 2001ಕ್ಕಿಂತ 2011ರಲ್ಲಿ ಜನರೇ ಕಡಿಮೆ. 5 ಸ್ಥಾನಗಳ ಬದಲು 4ಕ್ಕಷ್ಟೇ ಲೆಕ್ಕ ಒಪ್ಪುವುದು. ಅದೇ ಜಿಲ್ಲೆಯು 2008ರಲ್ಲಿ ಬೀರೂರು ಕ್ಷೇತ್ರವನ್ನು ಆಗಲೇ ಕಳೆದುಕೊಂಡಿತ್ತು. ಕೊಡಗಿನಲ್ಲಿ 3 ಇದ್ದ ಕ್ಷೇತ್ರಗಳು ಅದೇ ವರ್ಷ ಸೋಮವಾರಪೇಟೆಯ ಲೋಪದಿಂದ 2 ಆದವು.

ಇಲ್ಲಿ ಪೂರ್ವಪಕ್ಷಿಯು ವಿಜ್ಞಾನೇಶ್ವರನ ಗ್ರಂಥವನ್ನೇ ಎತ್ತಿಕೊಂಡು ಎದುರು ನಿಲ್ಲಬಹುದು. ಅಣ್ಣತಮ್ಮಂದಿರೊಳಗೆ ತಲೆಗೊಂದು ಪಾಲು ಎಂಬುದು ದಿಟ. ಆದರೆ ಮೊಮ್ಮಕ್ಕಳೊಳಗೆ ವಿಭಾಗವಾಗುವಾಗ ನಿಯಮ ಬೇರೆ. ಒಬ್ಬ ಮಗನಿಗೆ ಇಬ್ಬರು, ಇನ್ನೊಬ್ಬನಿಗೆ ಮೂವರು, ಮತ್ತೊಬ್ಬನಿಗೆ ನಾಲ್ವರು ಮಕ್ಕಳಿದ್ದು, ತಂದೆಯರು ತೀರಿಹೋಗಿದ್ದರೆ, ಒಂಬತ್ತು ಪಾಲು ಮಾಡತಕ್ಕುದಲ್ಲ. ಮೂರು ಪಾಲು ಮಾಡಿ, ಪ್ರತಿಯೊಂದು ಕವಲಿಗೆ ಒಂದೊಂದನ್ನು ಕೊಡತಕ್ಕದ್ದು. ಹೆಚ್ಚು ಮಕ್ಕಳಿದ್ದ ಕವಲಿಗೆ ಹೆಚ್ಚು ಸಿಕ್ಕದು. ಕೊಡಗು, ಚಿಕ್ಕಮಗಳೂರು, ಬೆಂಗಳೂರುಗಳು ರಾಜ್ಯವೆಂಬ ಮನೆಯ ಕವಲುಗಳಲ್ಲವೆ? ಮಿತಸಂತಾನದ ಉಪದೇಶವನ್ನು ಪಾಲಿಸಿದ ಕವಲಿಗೆ ಶಿಕ್ಷೆಯೇ?

ಇದು ಬಲವಾದ ಆಕ್ಷೇಪ, ಸುಮ್ಮನೆ ತಳ್ಳಿಬಿಡುವಂಥದಲ್ಲ. ರಾಷ್ಟ್ರದ ಮಟ್ಟದಲ್ಲಿ, ಲೋಕಸಭೆಯ ಸ್ಥಾನಗಳನ್ನು ರಾಜ್ಯರಾಜ್ಯಗಳಿಗೆ ಹಂಚುವ ವಿಷಯದಲ್ಲಿ, ಇದಕ್ಕೆ ತಕ್ಕ ತೂಕವಿದೆ. 1976ರ ತಡೆಯಾಜ್ಞೆಯ ಕಾರಣವೇ ಜನಸಂಖ್ಯೆಯನ್ನು ಅಂಕೆಯಲ್ಲಿಟ್ಟ ರಾಜ್ಯಗಳು ಅದರಿಂದ ನಷ್ಟಪಡಬಾರದೆಂಬುದು. ಕೊಟ್ಟ ಮಾತನ್ನು ನಂಬಿ ನಡೆದವನನ್ನು ಅದೇ ನಡತೆಗಾಗಿ ದಂಡಿಸುವುದು ಧರ್ಮವಲ್ಲ. ಮೇಲಾಗಿ ರಾಜ್ಯವೆಂಬುದು ತನ್ನದೇ ಭಾಷೆ, ಶಾಸನಸಭೆ, ಬೊಕ್ಕಸಗಳುಳ್ಳ ಕವಲು. ಒಕ್ಕೂಟವೆಂದರೆ ಕವಲುಗಳ ಒಕ್ಕೂಟವೆಂದು ವಾದಿಸಲು ಎಡೆಯಿದೆ. ಅದರ ನಿರ್ಣಯ ಪ್ರತ್ಯೇಕವಾಗಿ ಆಗಬೇಕಾದುದು. ಆದರೆ ಲೋಕಸಭೆಗೆ ಸಲ್ಲುವ ವಾದವನ್ನು ವಿಧಾನಸಭೆಗೆ ತಂದು ಹಚ್ಚುವ ಅಭ್ಯಾಸ ಇತ್ತೀಚೆಗೆ ಹೆಚ್ಚಾಗಿದೆ. ಕರ್ನಾಟಕವು ಉತ್ತರದ ರಾಜ್ಯಗಳ ವಿಷಯದಲ್ಲಿ ಆಡುವ ಮಾತನ್ನೇ ಚಿಕ್ಕಮಗಳೂರು ಬೆಂಗಳೂರಿನ ವಿಷಯದಲ್ಲಿ ಆಡುವುದು. ಎರಡೂ ಒಂದೇ ಅಲ್ಲ. ಮೊಮ್ಮಕ್ಕಳಿಗೆ ಕವಲಿನ ಪಾಲು ಏಕೆಂದರೆ ಅವರ ವಿಭಾಗವು ತಂದೆಯ ಮೂಲಕ ನಡೆಯುವಂಥದು. ಪ್ರಜೆಯ ಮತವಾದರೋ ಜಿಲ್ಲೆಯ ಮೂಲಕ ಬಂದುದಲ್ಲ. ಕೊಡಗಿನ ಮುದುಕಿಗೂ ಬೆಂಗಳೂರಿನ ಹುಡುಗನಿಗೂ ಮತವನ್ನು ಕೊಟ್ಟುದು ಸಂವಿಧಾನದ 326ನೆಯ ಅನುಚ್ಛೇದ. ನಡುವೆ ತಂದೆಯ ಸ್ಥಾನದಲ್ಲಿ ನಿಂತವರು ಯಾರೂ ಇಲ್ಲ. ರಾಜ್ಯದೊಳಗೆ ಎಲ್ಲರೂ ಒಡಹುಟ್ಟಿದವರು. ಒಡಹುಟ್ಟಿದವರಲ್ಲಿ ತಲೆಗೊಂದು ಪಾಲೇ ಧರ್ಮ.

ಹಾಗಾದರೆ ದುರ್ಗಮವಾದ ಮಲೆನಾಡಿಗೂ ಮಳೆ ಕಾಣದ ಬಯಲುಸೀಮೆಗೂ ಗತಿಯೇನು? ಧರ್ಮಶಾಸ್ತ್ರವು ಇಲ್ಲಿಯೂ ಎರಡು ವಿಷಯಗಳನ್ನು ಬೇರೆ ಬೇರೆಯಾಗಿಯೇ ಇರಿಸಿತು. ವಿಭಾಗಕ್ಕೆ ಮುಂಚೆ ಅವಿವಾಹಿತ ಸೋದರಿಯರ ವಿವಾಹಕ್ಕೂ ಕುರುಡರು ಕುಂಟರು ಮೊದಲಾದವರ ಜೀವನಾಂಶಕ್ಕೂ ಒಟ್ಟು ಸ್ವತ್ತಿನಿಂದ ಏರ್ಪಾಡಾಗಬೇಕು. ಅವರ ಕೊರತೆಯನ್ನು ನೆಪಮಾಡಿ ಪಾಲುಗಳ ಗಣಿತವನ್ನು ಕೆಡಿಸಕೂಡದು. (ಆ ಶಾಸ್ತ್ರವು ಅವರಿಗೆ ಪಾಲನ್ನೇ ಇಲ್ಲವೆಂದದ್ದು ಬೇರೆ ಮಾತು, ಹೆಣ್ಣುಮಕ್ಕಳ ಮಟ್ಟಿಗೆ ಆ ದೋಷವನ್ನು ಕರ್ನಾಟಕವು 1994ರಲ್ಲಿ, ಭಾರತವೆಲ್ಲ 2005ರಲ್ಲಿ ತಿದ್ದಿತು.) ಹರಪನಹಳ್ಳಿಯ ಉದಾಹರಣೆ ಇದಕ್ಕೆ ಸಾಕು. 1997ರಲ್ಲಿ ಆ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿತು. ಹೈದರಾಬಾದು ಕರ್ನಾಟಕದ ಜಿಲ್ಲೆಗಳಿಗೂ ಬಳ್ಳಾರಿಗೂ ವಿಶೇಷ ಸವಲತ್ತು ಕೊಡುವ 371ಜೆ ಅನುಚ್ಛೇದವು 2012ರ 98ನೆಯ ತಿದ್ದುಪಡಿಯಿಂದ ಬಂದಾಗ ಹರಪನಹಳ್ಳಿಯವರು ಹೊರಗುಳಿದರು. ಬಹಳ ಹೋರಾಡಿ ಮತ್ತೆ ಬಳ್ಳಾರಿಗೆ ಸೇರಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾದರು. ಅವರು ಕೇಳಿ ಪಡೆದದ್ದು ಇನ್ನೊಬ್ಬ ಶಾಸಕನನ್ನಲ್ಲ, ಕೊರತೆಗೆ ತಕ್ಕ ಪೋಷಣೆಯನ್ನು. ಕೊರತೆಯುಳ್ಳವನಿಗೆ ಹೆಚ್ಚು ಅನ್ನ ಬಡಿಸುವುದು ನ್ಯಾಯ. ಅವನ ಒಂದು ಮಾತನ್ನು ಎರಡೆಂದು ಎಣಿಸುವುದು ನ್ಯಾಯವಲ್ಲ. ಮಲೆನಾಡಿನ ಶಾಸಕನಿಗೆ ಘಟ್ಟ ಸುತ್ತುವುದು ಕಷ್ಟವೆಂಬ ಮಾತೂ ಉಂಟು. ಅದು ಶಾಸಕನ ಕಷ್ಟ, ಮತದಾರನ ಹಕ್ಕಲ್ಲ. ಅವನಿಗೆ ಇನ್ನಿಬ್ಬರು ಗುಮಾಸ್ತರನ್ನು ಕೊಟ್ಟರಾಯಿತು.

ತಡೆಯಾಜ್ಞೆಯ ವಿಷಯವಾಗಿಯೂ ಒಂದು ಮಾತು ಹೇಳಬೇಕಾಗಿದೆ. ಮನೆಯಲ್ಲಿ ಗರ್ಭಿಣಿಯಿದ್ದರೆ ಹೆರಿಗೆಯವರೆಗೆ ವಿಭಾಗವನ್ನು ನಿಲ್ಲಿಸಬೇಕೆಂಬ ವಿಚಾರವು ಶಾಸ್ತ್ರದಲ್ಲುಂಟು. ಬರತಕ್ಕವನ ಪಾಲು ತಪ್ಪದಿರಲೆಂಬ ಕರುಣೆಯೇ ಅದರ ಮೂಲ. ಅದು ತಿಂಗಳುಗಳ ಕಾಯುವಿಕೆ. 1978ರಿಂದ 2004ರವರೆಗೆ ಕರ್ನಾಟಕದ ಎಲ್ಲ ಚುನಾವಣೆಗಳೂ 1971ರ ಅಂಕಿಗಳ ಮೇಲೆಯೇ ನಡೆದವು. ಆಗ ಹುಟ್ಟಿದ ಕೂಸು ದೊಡ್ಡವನಾಗಿ, ಮದುವೆಯಾಗಿ, ತನ್ನ ಮಕ್ಕಳನ್ನು ಶಾಲೆಗೆ ಕಳುಹಿಸಿದರೂ, ಸ್ಥಾನ ಹಂಚುವವನ ಪುಸ್ತಕದಲ್ಲಿ ಅವನಿನ್ನೂ ಹುಟ್ಟಿರಲಿಲ್ಲ. ಬರತಕ್ಕವನಿಗಾಗಿ ಕಾಯುವುದು ಬೇರೆ, ಬಂದವನನ್ನು ಬಾಗಿಲಲ್ಲಿ ನಿಲ್ಲಿಸುವುದು ಬೇರೆ. ಹತ್ತು ವರ್ಷಕ್ಕೊಮ್ಮೆ ಗೆರೆ ತಿದ್ದಿದ್ದರೆ ಒಂದೆರಡು ಹೋಬಳಿಗಳು ಇತ್ತಿಂದತ್ತ ಸರಿಯುತ್ತಿದ್ದವು. ಮೂರು ದಶಕ ಬಿಟ್ಟು ತಿದ್ದಿದುದರಿಂದ ಕೊಟ್ಟೂರು, ಕುರುಗೋಡು, ಬೀರೂರುಗಳು ಒಂದೇ ಏಟಿಗೆ ಹೋದವು. ಕೊಟ್ಟೂರಿನವರು ಕೋಪಿಸಿಕೊಳ್ಳಬೇಕಾದುದು ತಿದ್ದಿದವರ ಮೇಲಲ್ಲ, ತಿದ್ದದೆ ಇಟ್ಟವರ ಮೇಲೆ.

ಇನ್ನು ಮೀಸಲಿನ ಮಾತು. ಪರಿಶಿಷ್ಟ ಪಂಗಡದ ಮೀಸಲು ಸ್ಥಾನಗಳು ಆ ಜನರ ಪ್ರಮಾಣ ಅತ್ಯಧಿಕವಾಗಿರುವ ಕಡೆಗೂ, ಪರಿಶಿಷ್ಟ ಜಾತಿಯವು ಅವರು ತಕ್ಕಮಟ್ಟಿಗೆ ಹೆಚ್ಚಾಗಿರುವ, ರಾಜ್ಯದ ಬೇರೆ ಬೇರೆ ಭಾಗಗಳಲ್ಲಿಯೂ ಬರಬೇಕೆಂದು ಕಾನೂನು. ಒಂಬತ್ತರಲ್ಲಿ ಏಳು ಹೀಗೆ ಮೀಸಲಾದುದರಿಂದ ಉಳಿದವರಿಗೆ ನಿಲ್ಲಲು ನೆಲೆಯಿಲ್ಲವಾಯಿತೆಂಬ ಅಸಮಾಧಾನ ಈ ಸೀಮೆಯಲ್ಲಿದೆ. ಅದರಲ್ಲಿ ಒಂದಂಶ ನಿಜ: ಗಣತಿ ನಡೆಯದೆ, ಗೆರೆ ತಿದ್ದದೆ ಹೋದರೆ ಒಂದೇ ಕ್ಷೇತ್ರ ತಲೆಮಾರುಗಟ್ಟಲೆ ಮೀಸಲಾಗಿಯೇ, ಇನ್ನೊಂದು ಎಂದೆಂದಿಗೂ ಬಿಡಿಯಾಗಿಯೇ ಉಳಿಯುವುದು. ಆದರೆ ನಿಲ್ಲುವ ಹಕ್ಕಿಗಿಂತ ಆರಿಸುವ ಹಕ್ಕು ದೊಡ್ಡದು. ಅದನ್ನು ಮೀಸಲು ಯಾರಿಂದಲೂ ಕಿತ್ತುಕೊಂಡಿಲ್ಲ. ತಾಮ್ರಪಟದ ಕಾಲದಲ್ಲಿ ದಾನದ ವಸ್ತುಗಳಾಗಿ ಎಣಿಸಲ್ಪಟ್ಟವರ ಸ್ಥಿತಿಯಲ್ಲಿ ಬಹುಕಾಲ ಬಾಳಿದವರು ಪಾಲು ಹಂಚುವ ಸಭೆಯಲ್ಲಿ ಕುಳಿತಿರುವುದು ಸಣ್ಣ ಸಂಗತಿಯಲ್ಲ. ಪ್ರಕಾಶರಂಥವರನ್ನು ಅವರ ಊರು ಕಳೆದುಕೊಂಡುದು ನಷ್ಟವೇ ಸರಿ. ಆ ನಷ್ಟವನ್ನು ಈ ಲಾಭದ ಎದುರಿಗಿಟ್ಟು ತೂಗಿ ನೋಡಬೇಕು. ಹೆಣ್ಣುಮಕ್ಕಳ ಮೂರನೆಯ ಒಂದು ಪಾಲನ್ನೂ 2023ರ 106ನೆಯ ತಿದ್ದುಪಡಿಯು ಗಣತಿ ಮತ್ತು ಪುನರ್ವಿಂಗಡಣೆಗಳ ಬೆನ್ನಿಗೇ ಕಟ್ಟಿತು. ಗೆರೆ ತಿದ್ದುವುದು ತಡವಾದಷ್ಟೂ ಮಗಳ ಪಾಲೂ ತಡವಾಗುವಂತಾಯಿತು.

ಇಷ್ಟೂ ಸಿದ್ಧಾಂತವು ನಿಂತಿರುವುದು, ಎಣಿಸಲ್ಪಟ್ಟ ತಲೆಯೇ ಪಾಲು ಪಡೆಯುವುದೆಂಬ ನಂಬಿಕೆಯ ಮೇಲೆ. ಹಿರೇಹಡಗಲಿಯಂಥ ಊರುಗಳಲ್ಲಿ ಆ ನಂಬಿಕೆಯೇ ಅಲುಗಾಡುವುದು. ಹಿಂಗಾರಿನ ಪೈರು ಕೈಗೆ ಬಂದಮೇಲೆ, ಬಾರದಿದ್ದರಂತೂ ಅದಕ್ಕೂ ಮೊದಲೇ, ಈ ತಾಲ್ಲೂಕುಗಳ ಬಡ ಒಕ್ಕಲೂ ಕೂಲಿಕಾರರೂ ಗುಳೆ ಹೊರಡುವರು. ಮನೆಗೆ ಬೀಗ ಹಾಕಿ, ಮುದುಕರನ್ನು ಪಡಸಾಲೆಯಲ್ಲಿ ಬಿಟ್ಟು, ಬೆಂಗಳೂರಿನ ಮನೆಗಟ್ಟುವ ಕೆಲಸಗಳಿಗೂ ಮಲೆನಾಡಿನ ಕಾಫಿ ತೋಟಗಳಿಗೂ ಸೇರುವರು. ಕ್ಷೇತ್ರವಿಂಗಡಣೆಯು ನೋಡುವುದು ಗಣತಿಯ ಜನಸಂಖ್ಯೆಯನ್ನು, ಮತದಾರರ ಪಟ್ಟಿಯನ್ನಲ್ಲ. ಗುಳೆ ಹೋದವನು ಎಲ್ಲಿ ಎಣಿಸಲ್ಪಟ್ಟನೋ ಆ ಸೀಮೆಯ ಸ್ಥಾನ ಅವನಿಂದ ಬೆಳೆಯುವುದು. ಅವನ ಹೆಸರಾದರೋ ಊರಿನ ಮತದಾರರ ಪಟ್ಟಿಯಲ್ಲಿಯೇ ಇರುವುದು. ಚುನಾವಣೆಯ ದಿನ ಬಸ್ಸು ಹತ್ತಿ ಬಂದು ಊರಿನಲ್ಲಿಯೇ ಮತ ಹಾಕುವನು. ಹೀಗೆ ಬೆಂಗಳೂರಿನ ಶಾಸಕನ ಪೀಠ ಅವನ ತಲೆಯ ಮೇಲೆ ನಿಂತಿರುವುದು, ಆದರೆ ಆ ಶಾಸಕನಿಗೆ ಅವನ ಕೈಯ ಹಂಗಿಲ್ಲ.

ಮಕ್ಕಳೂ ಎಣಿಸಲ್ಪಡುವರು, ಮತ ಹಾಕರು. ಅದರಲ್ಲಿ ದೋಷವೇನೆಂದು ಕೇಳಬಹುದು. ಮಕ್ಕಳ ಪರವಾಗಿ ಅದೇ ಮನೆಯಲ್ಲಿ ತಾಯಿತಂದೆಗಳು ಮತ ಹಾಕುವರು. ಕಟ್ಟಡದ ಬದಿಯ ತಗಡಿನ ಗುಡಿಸಲಿನಲ್ಲಿರುವವನ ಪರವಾಗಿ ಅಲ್ಲಿ ಮತ ಹಾಕುವವರು ಯಾರು? ಅಮೆರಿಕದ 1787ರ ಸಂವಿಧಾನದಲ್ಲಿ ಗುಲಾಮರನ್ನು ಐದರಲ್ಲಿ ಮೂರು ಪಾಲಿನಂತೆ ಎಣಿಸಿ, ಒಡೆಯರ ಸಂಸ್ಥಾನಗಳಿಗೆ ಅಷ್ಟು ಹೆಚ್ಚು ಸ್ಥಾನಗಳನ್ನು ಕೊಟ್ಟರು, ಗುಲಾಮನಿಗೆ ಮತವಿರಲಿಲ್ಲ. ಬೆಂಗಳೂರಿನವರು ಯಾರ ಒಡೆಯರೂ ಅಲ್ಲ, ಗುಳೆ ಹೋದವನು ದಾಸನೂ ಅಲ್ಲ, ಅವನಿಗೆ ಮತವೂ ಉಂಟು. ಆದರೆ ಗಣಿತದ ಆಕಾರ ಹೋಲುವುದು: ತಲೆ ಒಂದು ಕಡೆಯ ಪಟ್ಟಿಯಲ್ಲಿ, ನಾಲಗೆ ಇನ್ನೊಂದು ಕಡೆಯಲ್ಲಿ. ತೋಟದ ಸಂಗಡ ಎಣಿಸಲ್ಪಟ್ಟ ಕೋಲಿಕನ ನೆನಪು ಇಲ್ಲಿ ಬಾರದಿರದು.

ಇದಕ್ಕೆ ಮದ್ದೇನು? ಕಾನೂನಿನಂತೆ ಸಾಮಾನ್ಯವಾಗಿ ಎಲ್ಲಿ ವಾಸಿಸುವನೋ ಅಲ್ಲಿಯೇ ಮತದಾರನಾಗಬಹುದು. ಗುಳೆಯವನಿಗೆ ಅದನ್ನು ಉಪದೇಶಿಸುವುದು ಸುಲಭ. ಅವನು ಒಪ್ಪುವುದಿಲ್ಲ, ಒಪ್ಪದಿರುವುದಕ್ಕೆ ಕಾರಣವೂ ಇದೆ. ಆರು ತಿಂಗಳಿಗೊಂದು ಕಟ್ಟಡ, ಕಟ್ಟಡಕ್ಕೊಂದು ಗುಡಿಸಲು; ಯಾವ ಬೀದಿಯ ಪಟ್ಟಿಯಲ್ಲಿ ಹೆಸರು ಬರೆಯಿಸುವುದು? ಊರಿನ ಪಟ್ಟಿಯಲ್ಲಿರುವ ಹೆಸರೊಂದೇ ಅವನಿಗೂ ಊರಿಗೂ ಉಳಿದ ನೂಲು. ಹೊಲ ಸಾಲಕ್ಕೆ ಹೋದರೂ, ಮನೆಯ ಮಾಳಿಗೆ ಕುಸಿದರೂ, ಆ ಹೆಸರು ಇರುವವರೆಗೆ ಅವನು ಹಿರೇಹಡಗಲಿಯವನು. ಅದನ್ನು ಕಡಿದುಕೊಳ್ಳೆಂದು ಅವನಿಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದಕಾರಣ ತಲೆಯನ್ನು ಮತವಿರುವಲ್ಲಿಗೆ ತರುವುದೇ ಮೇಲು. ಗುಳೆ ಹೋದವರನ್ನು, ಅವರು ಮರಳುವ ಮನೆಯುಳ್ಳವರಾಗಿದ್ದರೆ, ಆ ಮನೆಯ ಲೆಕ್ಕದಲ್ಲಿ ಎಣಿಸುವುದು ನ್ಯಾಯ. ಬೆಂಗಳೂರಿನ ನೀರು, ನೆರಳು, ಆಸ್ಪತ್ರೆಗಳು ಅವರಿಗೂ ಬೇಕಲ್ಲವೆ ಎಂದರೆ, ಅದು ಹಿಂದೆ ಹೇಳಿದ ಪೋಷಣೆಯ ಪ್ರಕರಣಕ್ಕೆ ಸೇರಿದುದು, ಪಾಲಿನದಲ್ಲ.

ಗಣತಿಯ ವಿಧಿಯಲ್ಲಿಯೂ ಇದಕ್ಕೆ ಒಂದು ಕಿರುಬಾಗಿಲುಂಟು. 2011ರಲ್ಲಿ ಎಣಿಕೆ ನಡೆದುದು ಫೆಬ್ರವರಿ 9ರಿಂದ 28ರವರೆಗೆ. ಆ ಅವಧಿಯಲ್ಲಿ ಕೆಲವು ದಿನವಾದರೂ ತನ್ನ ಮನೆಯಲ್ಲಿದ್ದವನನ್ನು, ಅಥವಾ ಅದು ಮುಗಿಯುವುದರೊಳಗೆ ಮರಳುವವನನ್ನು, ಮನೆಯಲ್ಲಿಯೇ ಎಣಿಸಿದರು. ಅವಧಿಯುದ್ದಕ್ಕೂ ಹೊರಗಿದ್ದವನನ್ನು ಇದ್ದಲ್ಲಿ ಎಣಿಸಿದರು. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ನಿರ್ಣಾಯಕ ದಿನವೆಂದು 2025ರ ಜೂನ್ ತಿಂಗಳಿನ ಪ್ರಕಟಣೆಯು ಗೊತ್ತುಮಾಡಿತು. ಆ ವರ್ಷದ ಭರತ ಹುಣ್ಣಿಮೆ ಬೀಳುವುದು ಫೆಬ್ರವರಿಯಲ್ಲಿಯೇ. ಗುಳೆ ಹೋದವರು ಮತ್ತಾವುದಕ್ಕೆ ಬಾರದಿದ್ದರೂ ಮೈಲಾರಲಿಂಗನ ಜಾತ್ರೆಗೆ, ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುವ ಸಂಜೆಗೆ, ಬಂಡಾರ ಹಣೆಗಿಟ್ಟುಕೊಂಡು ಬರುವುದುಂಟು. ಎಣಿಸುವವನು ಆ ನಾಲ್ಕು ದಿನಗಳಲ್ಲಿ ಬೀಗ ತೆರೆದ ಮನೆಗಳ ಕದ ತಟ್ಟುವನೋ, ಜಾತ್ರೆಯ ರಜೆಯೆಂದು ತಾನೂ ಮೈಲಾರಕ್ಕೆ ಹೋಗುವನೋ ಎಂಬುದರ ಮೇಲೆ ಹಡಗಲಿ ಸೀಮೆಯ ಕೆಲವು ಸಾವಿರ ತಲೆಗಳ ಪಾಲು ನಿಂತಿರುವುದು.